ವಿಮಲಾಬಾಯಿಯ ಹೆಸರಿನಲ್ಲಿ ಹನ್ನೆರಡು ದಿನ

ಮೋಸಂಬಿ ಸುಲಿಯುವಾಗ ಏಳುವ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ಉಪ್ಪಲ್‌ನಿಂದ ಮೆಟ್ರೊ ಹಿಡಿದು ತಾರ್ನಾಕಕ್ಕೆ ಹೋಗಿದ್ದೆ. ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಕಾಲಿಡುವಷ್ಟರಲ್ಲಿ ಹಣ್ಣಿನ ರಸದ ಬಂಡಿಯವನು ಒಂದರ ಹಿಂದೊಂದು ಮೋಸಂಬಿ ಸುಲಿಯುತ್ತಿದ್ದ. ಜೊತೆಗಿದ್ದ ಗೆಳತಿ ಒಂದು ಗ್ಲಾಸ್ ಕುಡಿಯೋಣ ಎಂದಳು. ನಾನು ಮೂಗಿಗೆ ಸೆರಗು ಹಿಡಿದು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತೆ. "ಹಣ್ಣಿಗೆ ಯಾರರ ಹೇಸ್ತಾರೇನ?" ಎಂದು ಆಕೆ ನಕ್ಕಳು. ನಾನು ಹೇಸುವುದು ಒಬ್ಬ ಗಂಡಸಿನ ಹೆಬ್ಬೆರಳಿನ ಉಗುರಿಗೆ. ಅದು ನೆನಪಾದರೆ ಮೂವತ್ತೈದು ವರ್ಷಕ್ಕೂ ಹಿಂದಿನ ಒಂದು ಬೇಸಿಗೆ ಇಡಿಯಾಗಿ ಗಂಟಲಿಗೆ ಬರುತ್ತದೆ.

ಆಗ ನಾವು ಅದೇ ತಾರ್ನಾಕದಲ್ಲಿ, ವಿಶ್ವವಿದ್ಯಾಲಯದ ಗೋಡೆಗೆ ಹತ್ತಿರದ ಒಂದು ಗಲ್ಲಿಯಲ್ಲಿ, ಎರಡಂತಸ್ತಿನ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ನಾವೆಂದರೆ ನನ್ನ ಅಣ್ಣ ರಾಘಣ್ಣ, ಅವನ ಹೆಂಡತಿ ಸಾವಿತ್ರಿ, ಅವರ ಇಬ್ಬರು ಮಕ್ಕಳು, ನಾನು. ಅಣ್ಣನ ಹೆಂಡತಿಯನ್ನು ನಮ್ಮ ರಾಯಚೂರಿನ ಕಡೆ ವೈನಿ ಎನ್ನುತ್ತೇವೆ. ಅಪ್ಪ ಅಮ್ಮ ಇಲ್ಲದ ನನ್ನನ್ನು ವೈನಿಯೇ ಕರೆಸಿಕೊಂಡು ನಾರಾಯಣಗೂಡದ ಕಾಲೇಜಿಗೆ ಬಿ.ಕಾಂ.ಗೆ ಸೇರಿಸಿದ್ದಳು. ಮಹಡಿಯ ಮೇಲೆ ದೇಸಾಯಿ ದಂಪತಿ. ಅವರೂ ನಮ್ಮ ಕಡೆಯವರೇ, ಕನ್ನಡದವರು. ಗಂಡ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಂಡತಿ ವಿಮಲಾಬಾಯಿ, ನನಗೆ ವಿಮಲಾ ಕಾಕು, ಎಂದರೆ ಚಿಕ್ಕಮ್ಮ. ಆತನನ್ನು ಆಗ ನಾನು ಕಾಕಾ ಎಂದು, ಬಹುವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯಲು ಕೂತರೆ ಬಹುವಚನಕ್ಕೆ ಕೈ ಬರುವುದಿಲ್ಲ.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ವೈನಿಗೆ ರಕ್ತ ಹೋಗಲು ಶುರುವಾಯಿತು. ಮೂರು ದಿನ ಇರಬೇಕಾದದ್ದು ಹತ್ತು ದಿನವಾಯಿತು, ಹದಿನೈದಾಯಿತು. ಮನೆಯ ಹಳೆಯ ಸೀರೆಗಳೆಲ್ಲ ಹರಿದು ಮುಗಿದವು. ಯುಗಾದಿಯ ದಿನ ಹೋಳಿಗೆಗೆ ಕಣಕ ನಾದುತ್ತ ಕೂತವಳು ಕೂತಲ್ಲೇ ಪಕ್ಕಕ್ಕೆ ಉರುಳಿದಳು. ಎತ್ತಿ ಕೂರಿಸಿದರೆ ತುಟಿಯಲ್ಲಿ ರಕ್ತವೇ ಇರಲಿಲ್ಲ.

ಅಣ್ಣ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಕೆಲಸಗಾರರಿಗೆ ಸಿಗಬೇಕಾದ ಇ.ಎಸ್.ಐ. ಕಾರ್ಡು ಅವನಿಗೆ ಸಿಕ್ಕಿರಲಿಲ್ಲ. ಹನ್ನೊಂದು ವರ್ಷವಾದರೂ ಮಾಲೀಕ ಅವನ ಹೆಸರನ್ನು ರಿಜಿಸ್ಟರಿಗೆ ಏರಿಸಿರಲಿಲ್ಲ. ಆರೋಗ್ಯ ವಿಮೆ ಎಂಬ ಮಾತನ್ನು ನಮ್ಮ ಗಲ್ಲಿಯಲ್ಲಿ ಯಾರ ಬಾಯಿಂದಲೂ ಕೇಳಿದ ನೆನಪಿಲ್ಲ. ವಿಮೆ ಎಂದರೆ ಮನುಷ್ಯ ಸತ್ತ ಮೇಲೆ ಬರುವಂಥದ್ದು ಎಂದೇ ನಾವು ತಿಳಿದಿದ್ದೆವು.

ಮೊದಲು ನಾರಾಯಣಗೂಡದ ಒಬ್ಬ ನಿವೃತ್ತ ಮಾಸ್ತರರು ಪುಕ್ಕಟೆ ಕೊಡುತ್ತಿದ್ದ ಹೋಮಿಯೋಪತಿ ಗುಳಿಗೆ. ಆಮೇಲೆ ಹಕೀಮರೊಬ್ಬರ ಕಷಾಯ. ಅದನ್ನು ಕುದಿಸಿದರೆ ಮನೆಯೆಲ್ಲ ತೊಗಲಿನ ವಾಸನೆ. ನರ್ಸಿಂಗ್ ಹೋಮಿನವರು ಹೇಳಿದ ಖರ್ಚು ಕೇಳಿ ಅಣ್ಣ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿ ಮರೆತು ಬೀದಿಗೆ ಬಂದಿದ್ದ. ಕೊನೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ. ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆವು. ಹನ್ನೆರಡು ಗಂಟೆಗೆ ನಮ್ಮ ಸರದಿ ಬಂತು. ಅಷ್ಟು ಗದ್ದಲದ ನಡುವೆಯೂ ಒಬ್ಬ ಡಾಕ್ಟರಮ್ಮ ವೈನಿಯನ್ನು ಸಾವಕಾಶವಾಗಿ ನೋಡಿದರು. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಗರ್ಭಕೋಶವನ್ನೇ ತೆಗೆಯಬೇಕು, ಮೂರು ವಾರ ಬಿಟ್ಟು ಬನ್ನಿ, ರಕ್ತ ಕೊಡಲು ಇಬ್ಬರನ್ನು ಕರೆದುಕೊಂಡು ಬನ್ನಿ ಎಂದರು. ಅಲ್ಲಿಯ ತನಕ ರಕ್ತ ನಿಲ್ಲಲು ಗುಳಿಗೆ ಕೊಟ್ಟರು.

ಅಣ್ಣ ಈ ನಡುವೆ ಹೋಗಿ ಹೆಂಗಸರ ವಾರ್ಡನ್ನು ಬಾಗಿಲಿನಿಂದ ನೋಡಿ ಬಂದಿದ್ದ. ಒಂದೊಂದು ಮಂಚದಲ್ಲಿ ಇಬ್ಬಿಬ್ಬರು, ಮಂಚದ ಕೆಳಗೆ ಅವರ ಕಡೆಯವರು, ಮೂಲೆಯಲ್ಲಿ ರಕ್ತದ ಬಟ್ಟೆ ತುಂಬಿದ ಬಕೆಟ್ಟು, ಅದರ ಮೇಲೆ ನೊಣ. ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡ.

"ಅಲ್ಲಿ ಮನಷ್ಯಾರು ಇರಾಂಗಿಲ್ಲ. ನಾ ನಿನ್ನ ಅಲ್ಲಿ ಮಲಗಸಂಗಿಲ್ಲ," ಎಂದ.

"ಮೂರು ವಾರ ಹ್ಯಾಂಗರ ಕಳೀತೀನ್ರಿ," ಎಂದಳು ವೈನಿ. "ಆ ಡಾಕ್ಟರಮ್ಮನ ಕೈ ಚಲೋ ಐತಿ. ಹೊಲಸು ಇದ್ರ ಇರವಲ್ದ್ಯಾಕ."

ಅವಳ ಮಾತನ್ನು ಆವತ್ತು ಕೇಳಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

ಊರಾಚೆ ಒಂದು ಧರ್ಮಾಸ್ಪತ್ರೆ ಇದೆ, ಬಡವರೆಂದು ಯಾರಾದರೂ ಮುಖಂಡರು ಬರೆದುಕೊಟ್ಟರೆ ಅಲ್ಲಿ ಬಿಟ್ಟಿ ಆಪರೇಷನ್ ಮಾಡುತ್ತಾರೆ ಎಂದು ಯಾರೋ ಹೇಳಿದರು. ಅಣ್ಣ ನಮ್ಮನ್ನು ನಮ್ಮ ಬಡಾವಣೆಯ ಮುಖಂಡನೊಬ್ಬನ ಮನೆಗೆ ಕರೆದುಕೊಂಡು ಹೋದ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಗಂಡಸರು ಕೂತಿದ್ದರು. ಪಾನ್ ಜಗಿಯುತ್ತಿದ್ದ ಒಬ್ಬ, ಪತ್ರ ಬರೆಯುವವನು, ತಲೆ ಎತ್ತದೆ "ಏಂ ಜಬ್ಬು?" ಎಂದ. ಏನು ಕಾಯಿಲೆ ಎಂದರ್ಥ. ಅಣ್ಣ ತಡವರಿಸಿ, ಹೆಂಗಸರ ಕಾಯಿಲೆ ಎಂದ. "ಅಂಟೇ? ಎಕ್ಕಡ?" ಅಂದರೇನು, ಎಲ್ಲಿ ಎಂದು ಆತ ಈಗ ತಲೆ ಎತ್ತಿ ವೈನಿಯನ್ನು ಮೇಲಿಂದ ಕೆಳಗೆ ನೋಡಿದ. ಕೂತವರೆಲ್ಲ ನೋಡಿದರು. ವೈನಿ ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಬಂದುಬಿಟ್ಟಳು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು.

ಅದೇ ಸಂಜೆ ದೇಸಾಯಿ ಕೆಳಗೆ ಬಂದ. ನಮ್ಮ ಮುಂದಿನ ಕೋಣೆಯ ಒಂದೇ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಎಲ್ಲ ಕೇಳಿಸಿಕೊಂಡ.

"ನಮ್ಮ ವಿಮಲಾನ ಮೆಡಿಕಲ್ ಬುಕ್ ಐತಲ್ಲ ರಾಘಣ್ಣ. ಸುಮ್ನ ಬಿದ್ದೈತಿ. ಎಂಟು ವರ್ಷ ಆತು, ಆಕಿ ಒಂದು ಗುಳಿಗಿ ಸುದ್ದಾ ತೊಗೊಂಡಿಲ್ಲ."

"ಅಂದ್ರ?" ಎಂದ ಅಣ್ಣ.

"ಅಂದ್ರ, ಸಾವಿತ್ರಿಬಾಯಾರು ಹನ್ನೆರಡು ದಿನ ವಿಮಲಾ ಆಗ್ತಾರ. ಕಾರ್ಖಾನಿ ದವಾಖಾನಿ, ಎಲ್ಲಾ ಪುಕ್ಕಟೆ. ನೆಲಾ ನೋಡಬೇಕು ನೀವು, ಮುಖಾ ಕಾಣತೈತಿ."

ಪರದೆಯ ಹಿಂದಿನಿಂದ ವೈನಿ, "ಬ್ಯಾಡ್ರಿ. ಫೋಟೋ ಇರತೈತಿ. ಸಿಕ್ಕೊಂಡ್ರ ನಿಮ್ಮ ನೌಕರಿ ಹೋಗತೈತಿ," ಎಂದಳು.

ದೇಸಾಯಿ ನಕ್ಕ. "ಯಾವ ಕಾಲದ ಫೋಟೋ ಅದು! ತಲಿ ಮ್ಯಾಲ ಸೆರಗು ಹೊತ್ರ ಎಲ್ಲಾ ಹೆಂಗಸ್ರೂ ಒಂದ ಥರ ಕಾಣ್ತಾರ."

ಅಣ್ಣನೂ ನಕ್ಕ. ವಿಮಲಾ ಕಾಕು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. 

ಮಕ್ಕಳಿಬ್ಬರನ್ನು ರಾಯಚೂರಿಗೆ ವೈನಿಯ ತವರಿಗೆ ಕಳಿಸಿದೆವು. ನನ್ನ ಪರೀಕ್ಷೆ ಆಗತಾನೆ ಮುಗಿದಿತ್ತು. ರೋಗಿಯ ಜೊತೆ ಇರುವ ಕೆಲಸ ನನ್ನದಾಯಿತು. ನಾನು ವಿಮಲಾಬಾಯಿಯ ತಂಗಿ. ವೈನಿಯನ್ನು ಅಕ್ಕ ಎನ್ನಬೇಕು, ದೇಸಾಯಿಯನ್ನು ಭಾವ ಎನ್ನಬೇಕು. ವೈನಿ ಎರಡು ದಿನ ಕೂತು ಕಾಕುವಿನ ತಂದೆಯ ಹೆಸರು, ಊರು, ಹುಟ್ಟಿದ ವರ್ಷ ಬಾಯಿಪಾಠ ಮಾಡಿದಳು. ಕಾಕು ಆಸ್ಪತ್ರೆಯಲ್ಲಿದ್ದಾರೆಂದು ಕಾರ್ಖಾನೆಯವರಿಗೆಲ್ಲ ಗೊತ್ತಾಗುವುದರಿಂದ ಆ ಹನ್ನೆರಡು ದಿನ ಅವರು ಯಾರ ಕಣ್ಣಿಗೂ ಬೀಳಕೂಡದು. ಏಪ್ರಿಲ್ ಕೊನೆಯ ಬಿಸಿಲು, ಮಹಡಿಯ ಮೇಲಿನ ಕಾದ ಕೋಣೆ, ಕಿಟಕಿ ಪರದೆ ಎಲ್ಲ ಮುಚ್ಚಿ ಅವರು ಒಳಗೆ ಉಳಿದರು.

ಆಸ್ಪತ್ರೆ ದೇಸಾಯಿ ಹೇಳಿದ ಹಾಗೆಯೇ ಇತ್ತು. ತೊಳೆದ ನೆಲ, ಬಿಳಿ ಚಾದರ, ಪ್ರತಿ ಮಂಚಕ್ಕೊಂದು ಫ್ಯಾನು, ಬೆಳಿಗ್ಗೆ ಹಾಲು, ಬಾಳೆಹಣ್ಣು. ಅದನ್ನೆಲ್ಲ ನೋಡಿ ನಾನು ಖುಷಿಪಟ್ಟೆ, ಅದನ್ನು ಮುಚ್ಚಿಡಬಾರದು. ರಕ್ತ ಪರೀಕ್ಷೆಯವನು ಬಂದು, ಬುಕ್ಕಿನಲ್ಲಿ ಬರೆದ ರಕ್ತದ ಗುಂಪಿಗೂ ತನ್ನ ಸೀಸೆಯಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ ಎಂದ. ಆಮೇಲೆ ಅವನೇ, ಹಿಂದೆ ಯಾರೋ ತಪ್ಪು ಬರೆದಿದ್ದಾರೆ ಎಂದು ಗೊಣಗಿ, ಹಳೆಯದನ್ನು ಕೆಂಪು ಶಾಯಿಯಿಂದ ಹೊಡೆದು ಹೊಸದನ್ನು ಬರೆದ. ಕಾಕುವಿನ ರಕ್ತ ಹಾಗೆ ಬದಲಾಯಿತು.

ಗಂಡ ಎಂದು ಬರೆದ ಕಡೆ ದೇಸಾಯಿ ಸಹಿ ಹಾಕಿದ. ಆಪರೇಷನ್ ಮುಗಿದ ಮೇಲೆ ನರ್ಸು ಒಂದು ತಟ್ಟೆಯಲ್ಲಿ ತೆಗೆದದ್ದನ್ನು ಇಟ್ಟುಕೊಂಡು ಬಾಗಿಲಿಗೆ ಬಂದು, "ಪೇಷಂಟಿನ ಗಂಡ ಯಾರು?" ಎಂದಳು. ಮನೆಯವರಿಗೆ ತೋರಿಸುವುದು ಅಲ್ಲಿಯ ಪದ್ಧತಿ. ಅಣ್ಣ ಗೇಟಿನ ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದ. ದೇಸಾಯಿ ಮುಂದೆ ಹೋಗಿ ಬಗ್ಗಿ ನೋಡಿದ. ಒಮ್ಮೆ ನೋಡಿ ಸುಮ್ಮನಾಗಲಿಲ್ಲ. ಯಾವುದು ಗಡ್ಡೆ, ಯಾವುದು ಕೋಶ ಎಂದು ಕೇಳಿ ಕೇಳಿ ನೋಡಿದ. ವೈನಿಯ ಒಡಲೊಳಗಿನದನ್ನು ಆ ಮನುಷ್ಯ ನೋಡಿದ. ಗೇಟಿಗೆ ಹೋಗಿ ಅಣ್ಣನಿಗೆ ಬೆರಳಿನಿಂದ ಅಳತೆ ತೋರಿಸಿ ವರ್ಣಿಸಿದ. ಅಣ್ಣ ಕೈ ಮುಗಿದು ಕೇಳಿದ.

ಹೆಂಗಸರ ವಾರ್ಡಿಗೆ ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು. ಜೊತೆಗಿರುವವರನ್ನು ಬಿಟ್ಟರೆ ಒಬ್ಬ ರೋಗಿಗೆ ಒಂದೇ ಪಾಸು. ಅದು ದೇಸಾಯಿಯದು. ಮೊದಲ ದಿನ ಆತ ಸ್ಟೂಲು ಎಳೆದುಕೊಂಡು ಮಂಚಕ್ಕೆ ಒತ್ತಿ ಕೂತು, ಬೆಳೆಸಿಕೊಂಡಿದ್ದ ಹೆಬ್ಬೆರಳಿನ ಉಗುರಿನಿಂದ ಮೋಸಂಬಿ ಸುಲಿದು, ಒಂದೊಂದೇ ತೊಳೆಯನ್ನು ವೈನಿಯ ಬಾಯಿಗೆ ಹಿಡಿದ. ಜನ ನೋಡುತ್ತಿದ್ದಾರೆ, ಗಂಡನಂತೆ ಕಾಣಬೇಕಲ್ಲ ಎಂದು ನಾನೂ ಅಂದುಕೊಂಡೆ. ಎರಡನೆಯ ದಿನ ತುಟಿಯ ಮೇಲಿನ ರಸವನ್ನು ಬೆರಳಿನಿಂದ ಒರೆಸಿದ. ಮೂರನೆಯ ದಿನ ಚಾದರದ ಕೆಳಗೆ ಕೈ ಹಾಕಿ ವೈನಿಯ ಪಾದ ಒತ್ತತೊಡಗಿದ. ವೈನಿ ಕಾಲು ಎಳೆದುಕೊಳ್ಳಲು ಹೋದಳು. ಹೊಟ್ಟೆಯ ಹೊಲಿಗೆ ಜಗ್ಗಿ ನೋವಿಗೆ ಹಲ್ಲು ಕಚ್ಚಿದಳು. ಪಕ್ಕದ ಮಂಚದ ತೆಲುಗು ಅಜ್ಜಿ ಅದನ್ನು ನೋಡಿ, "ಎಂತ ಮಂಚಿ ಮೊಗುಡು ನೀಕು!" ಎಂದರು. ನಿನಗೆ ಎಂಥ ಒಳ್ಳೆಯ ಗಂಡ ಎಂದು. ದೇಸಾಯಿ ಆ ಮಾತಿಗೆ ಅರಳಿದ. "ನಮ್ಮ ವಿಮ್ಮಿ ಭಾಳ ಸೂಕ್ಷ್ಮ್ರಿ," ಎಂದ. ವಿಮ್ಮಿ! ಮಹಡಿಯ ಮೇಲೆ ಆತ ಕಾಕುವನ್ನು ಹಾಗೆ ಕರೆದದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ನಾಲ್ಕನೆಯ ದಿನ, "ಪದ್ದಿ, ಹೋಗಿ ಬಿಸಿನೀರು ತೊಗೊಂಬಾ," ಎಂದು ನನಗೆ ಹೇಳಿದ. ಥರ್ಮಾಸ್ ತುಂಬ ನೀರಿತ್ತು. "ಐತ್ರಿ ಭಾವ," ಎಂದೆ. "ಆರಿರತೈತಿ, ಹೋಗು," ಎಂದ. ನಾನು ಹೋದೆ. ಅಡುಗೆಮನೆ ವರಾಂಡದ ಆ ತುದಿಗಿತ್ತು. ಮರಳಿ ಬಂದಾಗ ವೈನಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. ಚಾದರವನ್ನು ಕುತ್ತಿಗೆಯ ತನಕ ಎಳೆದು ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದಿದ್ದಳು. ಆತ ಏನೂ ಆಗದವನಂತೆ ಇನ್ನೊಂದು ಮೋಸಂಬಿಗೆ ಉಗುರು ಚುಚ್ಚುತ್ತಿದ್ದ.

ಆರು ಗಂಟೆಗೆ ಆತ ಹೋದ ಮೇಲೆ ವೈನಿ ಹೇಳಿದಳು. "ನಾಳಿಂದ ಆತ ಏನ ಹೇಳಿದ್ರೂ ನನ್ನ ಬಿಟ್ಟು ಏಳಬ್ಯಾಡ."

"ಕೂಗಬೇಕಾಗಿತ್ತು ವೈನಿ. ವಾರ್ಡ್ ತುಂಬ ಮಂದಿ ಇದ್ರಲ್ಲ."

"ಯಾರ ಹೆಸರಲೆ ಕೂಗಲಿ?" ಎಂದಳು ವೈನಿ.

ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು, ಅಣ್ಣನಿಗೆ ಅಡುಗೆ ಮಾಡಿಟ್ಟು, ಹನ್ನೊಂದರೊಳಗೆ ಆಸ್ಪತ್ರೆಗೆ ಮರಳುತ್ತಿದ್ದೆ. ಮರುದಿನ ಅಣ್ಣನ ತಟ್ಟೆಗೆ ಚಪಾತಿ ಹಾಕುತ್ತ ಎಲ್ಲ ಹೇಳಿದೆ. ಹೇಳಲು ನನಗೇ ನಾಚಿಕೆಯಾಗುತ್ತಿತ್ತು. ಆದರೂ ಯಾವುದನ್ನೂ ಬಿಡಲಿಲ್ಲ. ನೀನೇ ಒಮ್ಮೆ ಪಾಸು ಕೇಳಿ ತೆಗೆದುಕೊಂಡು ಬಾ ಎಂದೆ. ಅಣ್ಣ ಚಪಾತಿಯ ತುಂಡನ್ನು ಪಲ್ಯದಲ್ಲಿ ತಿರುವಿದ.

"ಹನ್ನೆರಡು ದಿನದ ಮಾತು ಪದ್ದಿ. ಐದಾಗ್ಯಾವ. ಹೊಲಿಗಿ ಬಿಚ್ಚೋತನ ಸುಮ್ಮನಿರು. ಆ ಮನಷ್ಯಾ ನಮ್ಮ ಸಲವಾಗಿ ನೌಕರಿ ಪಣಕ್ಕಿಟ್ಟಾನ."

"ವೈನಿ ಅಳಾಕತ್ತಾಳ ಅಣ್ಣಾ."

"ಆಪರೇಷನ್ ಆದವ್ರು ಅಳತಾರ," ಎಂದ. ಆಮೇಲೆ, "ಉಪ್ಪಿನಕಾಯಿ ಇಲ್ಲೇನು?" ಎಂದ.

ಉಪ್ಪಿನಕಾಯಿ ಬಡಿಸಿದೆ. ಅವನು ಉಂಡು, ಕೈ ತೊಳೆದು, ಕೂದಲು ಬಾಚಿಕೊಂಡು ಆಫೀಸಿಗೆ ಹೋದ. ಸರ್ಕಾರಿ ಆಸ್ಪತ್ರೆಯ ಬಕೆಟ್ಟು ನೋಡಿ ಕಾರಿಕೊಂಡ ಅದೇ ಹೊಟ್ಟೆ ಆವತ್ತು ನಾಲ್ಕು ಚಪಾತಿ ತಿಂದಿತು. ನಾನು ಅವನು ಉಂಡ ತಟ್ಟೆಯನ್ನು ತೊಳೆಯದೆ ಬಚ್ಚಲಲ್ಲಿ ಹಾಗೇ ಬಿಟ್ಟು ಮಹಡಿ ಹತ್ತಿದೆ. ದೇಸಾಯಿ ಡ್ಯೂಟಿಗೆ ಹೋಗಿದ್ದ.

ಕಾಕು ಮುಚ್ಚಿದ ಕಿಟಕಿಯ ಕೆಳಗೆ, ಬೆವರಿನಲ್ಲಿ ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಹೇಳುತ್ತ ಹೋದೆ. ಅವರ ಕೈ ನಿಲ್ಲಲಿಲ್ಲ. ಒಂದು ಕಲ್ಲು, ಒಂದು ನೆಲ್ಲು, ಮತ್ತೊಂದು ಕಲ್ಲು. ನಂಬುವುದಿಲ್ಲವೇನೋ, ನನ್ನನ್ನೇ ಬೈಯುತ್ತಾರೇನೋ ಎಂದು ಭಯವಾಯಿತು. ಮಾತು ಮುಗಿದ ಮೇಲೆ ಅವರು ಮೊರವನ್ನು ಪಕ್ಕಕ್ಕಿಟ್ಟು, "ಪಾಸ್ ಅಲ್ಲೆ ಗೇಟಿನ್ಯಾಗ ತೋರಸ್ಬೇಕೇನು, ಇಲ್ಲಾ ವಾರ್ಡಿನ್ಯಾಗ?" ಎಂದರು.

"ಗೇಟಿನ್ಯಾಗ ರಿ."

"ನೀ ಹೋಗು. ಆಕಿಗೆ ಏನೂ ಹೇಳಬ್ಯಾಡ."

ಅಂದು ನಾಲ್ಕಕ್ಕೆ ಗಂಟೆ ಹೊಡೆದಾಗ ನಾನು ವೈನಿಯ ಮಂಚದ ಮೇಲೆಯೇ, ಅವಳ ಕಾಲಿಗೆ ಅಡ್ಡವಾಗಿ ಕೂತಿದ್ದೆ. ಬಂದವರು ಕಾಕು. ತಲೆ ತುಂಬ ಸೆರಗು, ದಪ್ಪ ಕನ್ನಡಕ, ಕೈಯಲ್ಲಿ ಗಂಜಿಯ ಡಬ್ಬಿ. ತಾವೇ ಈ ಮಂಚದಲ್ಲಿ ಮಲಗಿರುವರೆಂದು ಬರೆದಿರುವ ಆಸ್ಪತ್ರೆಗೆ ಎದ್ದು ಬಂದಿದ್ದರು! ದೇಸಾಯಿ ಡ್ಯೂಟಿಯಿಂದ ಬಂದು ಸ್ನಾನಕ್ಕೆ ಹೋದಾಗ ಅವನ ಅಂಗಿಯ ಜೇಬಿನಿಂದ ಪಾಸು ತೆಗೆದುಕೊಂಡು ಬಸ್ಸು ಹತ್ತಿದ್ದರಂತೆ. ಯಾರೆಂದು ಕೇಳಿದ ವಾಚ್‌ಮನ್‌ಗೆ, ಒಳಗಿರುವ ವಿಮಲಾನ ತಂಗಿ, ನನ್ನ ಹೆಸರು ಸಾವಿತ್ರಿ ಎಂದು ಹೇಳಿದ್ದರು. ಆತ ಹೂಂ ಎಂದು ಬಿಟ್ಟಿದ್ದ.

ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಗೇಟಿನ ಕಡೆಯಿಂದ ದೇಸಾಯಿಯ ದನಿ ಕೇಳಿಸಿತು. ಒಳಗೆ ನನ್ನ ಹೆಂಡತಿ ಇದ್ದಾಳೆ ಎಂದು ಹಿಂದಿಯಲ್ಲಿ ಜಬರದಸ್ತು ಮಾಡುತ್ತಿದ್ದ. ವಾಚ್‌ಮನ್, "ಏಕ್ ಪೇಷಂಟ್, ಏಕ್ ಪಾಸ್, ಸಾಬ್. ಆಪ್‌ಕೀ ಸಾಲೀ ಅಂದರ್ ಗಯೀ," ಎನ್ನುತ್ತಿದ್ದ. ನಿಮ್ಮ ನಾದಿನಿ ಒಳಗೆ ಹೋಗಿದ್ದಾಳೆ ಎಂದು. ದನಿ ಏರಿಸಿದರೆ ಏನೇನು ಹೊರಗೆ ಬರಬಹುದೆಂದು ದೇಸಾಯಿಗೂ ಗೊತ್ತಿತ್ತು. ಹೊರಟುಹೋದ.

ಪಕ್ಕದ ಮಂಚದ ಅಜ್ಜಿ, "ಈ ರೋಜು ಆಯನ ರಾಲೇದಾ?" ಎಂದು ಕೇಳಿದರು. ಇವತ್ತು ಗಂಡ ಬರಲಿಲ್ಲವೇ ಎಂದು. "ಡ್ಯೂಟೀ," ಎಂದರು ಕಾಕು. ಎದ್ದು, ತಮ್ಮ ಟವೆಲ್ಲನ್ನು ನೀರಲ್ಲಿ ಅದ್ದಿ ಹಿಂಡಿ, ಚಾದರ ಸರಿಸಿ ವೈನಿಯ ಎರಡೂ ಪಾದಗಳನ್ನು ಬೆರಳ ಸಂದು ಬಿಡದೆ ಒರೆಸಿದರು. ಆಪರೇಷನ್ ಆದಂದಿನಿಂದ ವೈನಿ ಬಾಯಿಬಿಟ್ಟು ಅತ್ತದ್ದು ಆಗಲೇ.

"ನಂಗ ಗೊತ್ತಿತ್ತು ಸಾವಿತ್ರಿ," ಎಂದರು ಕಾಕು, ಅಜ್ಜಿಗೆ ಕೇಳಿಸದಂತೆ. "ಇದಕ್ಕ ಎರಡು ಮನಿ ಬಿಟ್ಟು ಬಂದೀವಿ ನಾವು. ಆವತ್ತು ಬಾಗಲದಾಗ ನಿಂತು ಹೇಳಬೇಕಂದೆ. ಬಾಯಿ ಬರಲಿಲ್ಲ. ಹೇಳಿದ್ರ ನಿಂಗ ಆಪರೇಷನ್ ಆಗಂಗಿಲ್ಲ ಅಂತ ಅಂದ್ಕೊಂಡೆ. ಹಂಗ ಅಂದ್ಕೊಂಡು ನನಗ ನಾ ಸಮಾಧಾನ ಮಾಡ್ಕೊಂಡೆ."

ನನಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದೂ ತಮ್ಮ ಹೆಸರನ್ನು ಎತ್ತಿ ಕೊಟ್ಟರಲ್ಲ! ವೈನಿ ಮಾತ್ರ ಅವರ ಕೈ ಬಿಡಲಿಲ್ಲ.

"ಗೊತ್ತಾಗಿ ನೀವು ಬಂದ್ರಿ ವೈನಿ," ಎಂದಳು. ಅವಳಿಗೆ ಕಾಕುವೂ ವೈನಿಯೇ. "ಗೊತ್ತಾಗಿ ನಮ್ಮ ಮನಿಯವ್ರು ಬರಲಿಲ್ಲ."

ಉಳಿದ ಆರು ದಿನವೂ ಕಾಕು ನಾಲ್ಕಕ್ಕೆ ಬಂದು ಆರಕ್ಕೆ ಹೋದರು. ಮನೆಯಲ್ಲಿ ಅವರಿಗೂ ಗಂಡನಿಗೂ ಏನು ನಡೆಯಿತೋ ಹೇಳಲಿಲ್ಲ. ಎಂಟನೆಯ ದಿನ ಅವರ ಎಡಗಣ್ಣಿನ ಕೆಳಗೆ ಕಪ್ಪಗಾಗಿ ಊದಿತ್ತು. ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಮುಚ್ಚಲು ನೋಡುತ್ತಿದ್ದರು. ಪಾಸು ಮಾತ್ರ ಅವರ ಮುಷ್ಟಿಯಲ್ಲೇ ಇತ್ತು. ಒಂದು ದಿನ ಬುಕ್ಕು ತೆರೆದು ಕೆಂಪು ಶಾಯಿಯ ಗೆರೆ ನೋಡಿ, "ರಕ್ತಾನೂ ಬದಲಿ ಮಾಡ್ಯಾರ ನಂದು," ಎಂದು ಮೆಲ್ಲಗೆ ಮುಚ್ಚಿಟ್ಟರು.

ಮುಂದೆ ಏನೇನಾಯಿತೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ವೈನಿ ಗುಣವಾದಳು. ಎರಡು ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಅವಳ ಹಟಕ್ಕೆ ನಾವು ಉಪ್ಪಲ್‌ಗೆ ಮನೆ ಬದಲಿಸಿದೆವು. ಅಣ್ಣನ ಜೊತೆ ಅವಳು ಮತ್ತೆ ಇಪ್ಪತ್ತು ವರ್ಷ ಸಂಸಾರ ಮಾಡಿದಳು, ಅವನ ಕೊನೆಗಾಲದಲ್ಲಿ ಮಲಮೂತ್ರ ಬಳಿದಳು. ಆದರೆ ತನಗೆ ಜ್ವರ ಬರಲಿ, ಹಲ್ಲು ನೋಯಲಿ, ಅವನಿಗೆ ಹೇಳುತ್ತಿರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಅದೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕಿಟಕಿಯಲ್ಲಿ ಹೆಸರು ಕೇಳಿದರೆ ಅಗತ್ಯಕ್ಕಿಂತ ಜೋರಾಗಿ ಹೇಳುತ್ತಿದ್ದಳು.

ನಾಲ್ಕು ವರ್ಷದ ಮೇಲೆ ಕಾಕು ವಿಳಾಸ ಹುಡುಕಿಕೊಂಡು ಉಪ್ಪಲ್‌ಗೆ ಬಂದರು. ಅವರಿಗೂ ರಕ್ತ ಹೋಗುತ್ತಿತ್ತು. ಕಾರ್ಖಾನೆಯ ಆಸ್ಪತ್ರೆಗೆ ಹೋಗುವ ಹಾಗಿಲ್ಲ. ಅಲ್ಲಿಯ ಕಾಗದದ ಪ್ರಕಾರ ಅವರಿಗೆ ಗರ್ಭಕೋಶವೇ ಇಲ್ಲ. ವೈನಿ ಅವರನ್ನು ತನ್ನ ಸಾಲಿಗೆ ಕರೆದುಕೊಂಡು ಹೋದಳು. ಪುಣ್ಯಕ್ಕೆ ದೊಡ್ಡದೇನೂ ಇರಲಿಲ್ಲ, ಮೂರು ತಿಂಗಳ ಗುಳಿಗೆಯಲ್ಲಿ ನಿಂತಿತು. ಆ ಮೂರು ತಿಂಗಳೂ ಕಾಕು ನಮ್ಮ ಮನೆಯಲ್ಲೇ ಇದ್ದು, ಆಮೇಲೆ ತವರಿಗೆ ಹೋದವರು ಗಂಡನ ಬಳಿಗೆ ಮರಳಲಿಲ್ಲ. ದೇಸಾಯಿ ಕಾರ್ಖಾನೆಯಿಂದ ಹಾರ ಹಾಕಿಸಿಕೊಂಡು ರಿಟೈರ್ ಆದ ಎಂದು ಕೇಳಿದೆ. ಅವನಿಗೆ ಏನೂ ಆಗಲಿಲ್ಲ.

ನಾನು ಹೇಳದೆ ಉಳಿಸಿಕೊಂಡದ್ದು ಮನೆಗೆ ಬಂದ ದಿನದ್ದು. ಹನ್ನೆರಡನೆಯ ದಿನ ಮಧ್ಯಾಹ್ನ ವೈನಿಯನ್ನು ಆಟೋದಲ್ಲಿ ಕರೆತಂದೆವು. ಸಂಜೆ ಅಣ್ಣ ಪೇಟೆಯಿಂದ ಪ್ಯಾಂಟು ಅಂಗಿಯ ಬಟ್ಟೆ, ತೆಂಗಿನಕಾಯಿ, ಎಲೆ ಅಡಿಕೆ ತಂದು ದೇಸಾಯಿಯನ್ನು ಕೆಳಗೆ ಕರೆದ. ಆತ ಬಂದು ಅದೇ ಕುರ್ಚಿಯಲ್ಲಿ ಕೂತ. ಅಣ್ಣ ತಟ್ಟೆಯನ್ನು ಅವನ ಕೈಗಿತ್ತು, "ದೇವರು ಬಂದಂಗ ಬಂದ್ರಿ," ಎಂದ. ಆಮೇಲೆ ಒಳಗೆ ತಿರುಗಿ, "ಸಾವಿತ್ರಿ, ಬಾ. ನಮಸ್ಕಾರ ಮಾಡು," ಎಂದ.

ವೈನಿ ಗೋಡೆ ಹಿಡಿದುಕೊಂಡು ನಡುಬಾಗಿಲಿನ ತನಕ ಬಂದಳು. ಅಲ್ಲೇ ನಿಂತಳು.

"ಹೊಟ್ಟಿ ಬಗ್ಗಂಗಿಲ್ಲ," ಎಂದಳು.

"ಇರ್ಲಿ ಬಿಡ್ರಿ, ಪಾಪ, ಹಸಿ ಮೈ," ಎಂದ ದೇಸಾಯಿ. ಅಣ್ಣನ ಮುಖ ಕೆಂಪೇರಿತು. ನನ್ನ ಕಡೆ ತಿರುಗಿದ.

"ಪದ್ದಿ, ಹಂಗಾರ ವೈನಿ ಪರವಾಗಿ ನೀ ಮಾಡು."

ವೈನಿ ನನ್ನನ್ನು ನೋಡಿದಳು. ಬೇಡವೆಂದು ತಲೆಯಾಡಿಸಲಿಲ್ಲ, ಕಣ್ಣಲ್ಲೂ ಏನೂ ಹೇಳಲಿಲ್ಲ.  ಅಣ್ಣ ಮತ್ತೊಮ್ಮೆ ನನ್ನ ಹೆಸರು ಕರೆದ. ನಾನು ಮುಂದೆ ಹೋದೆ. ಮೊಣಕಾಲೂರಿ, ಆ ಮನುಷ್ಯನ ಎರಡೂ ಪಾದಗಳಿಗೆ ಹಣೆ ಮುಟ್ಟಿಸಿದೆ. ಆತ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ತೆಗೆಯದೆ, "ಚಂದಾಗಿ ಬಾಳು," ಎಂದ.

ನನಗೆ ಆಗ ಇಪ್ಪತ್ತು ವರ್ಷ. ನನ್ನ ಹೊಟ್ಟೆಯಲ್ಲಿ ಯಾವ ಗಾಯವೂ ಇರಲಿಲ್ಲ.